ಹೆಸರು ಸಮೇತ ಓದಿದ ಏಳನೆಯ ಆಕ್ಷೇಪಣೆ

2022ರಲ್ಲಿ ನಾನು ಶಿಡ್ಲಘಟ್ಟ ಮತ್ತು ಚಿಂತಾಮಣಿ ನಡುವಿನ ಒಂದು ಗ್ರಾಮ ಪಂಚಾಯತಿಯಲ್ಲಿ ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಇಲ್ಲಿ ಬರುವ ಜನ ಇನ್ನೂ ಅಲ್ಲೇ ಇದ್ದಾರೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ನಿಯಮ ಬಿಟ್ಟು ಒಂದು ಹೆಜ್ಜೆ ಆಚೆ ಇಡುವವನಲ್ಲ ಎಂದು ನನಗೆ ಹೆಸರಿತ್ತು. ಆ ಹೆಸರಿನ ಕೊಬ್ಬೂ ಸ್ವಲ್ಪ ಇತ್ತು.

ಊರಿನ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಆ ವರ್ಷ ಪಂಚಾಯತಿಗೆ ಒಂದು ಅರ್ಜಿ ಕೊಟ್ಟರು. ರಸ್ತೆ ಅಗಲ ಮಾಡುವಾಗ ಅರಳಿಕಟ್ಟೆ ಹೋಗಿತ್ತು. ನಾಲ್ಕು ಜನ ಕೂತು ವಾದ ಮಾಡಲು ಊರಲ್ಲಿ ಜಾಗವೇ ಉಳಿದಿಲ್ಲ, ಆದ್ದರಿಂದ ಬಸ್ ನಿಲ್ದಾಣದ ಪಕ್ಕ ವಾಕ್ ಸ್ವಾತಂತ್ರ್ಯದ ಸ್ಮಾರಕ ಕಟ್ಟಬೇಕು ಎಂಬುದು ಅವರ ಬೇಡಿಕೆ. ಒಂಬತ್ತು ಅಡಿಯ ಕಲ್ಲುಕಂಬ, ಅದರ ಬುಡದಲ್ಲಿ ಯಾರು ಬೇಕಾದರೂ ನಿಂತು ಮಾತಾಡಬಹುದಾದ ಒಂದು ಕಟ್ಟೆ. ಕಲ್ಲನ್ನು ತಾವೇ ಕೊಡಿಸುವುದಾಗಿ ಹೇಳಿದ್ದರು. ಮೇಷ್ಟ್ರು ಒಳ್ಳೆಯವರು, ಅವರ ಆಸೆಯಲ್ಲಿ ಕಪಟವಿರಲಿಲ್ಲ.

ಪಂಚಾಯತಿ ಜಾಗದಲ್ಲಿ ಏನೇ ಕಟ್ಟುವುದಿದ್ದರೂ ನಾವು ಮೊದಲು ನೋಟಿಸ್ ಹಾಕಿ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತಿದ್ದೆವು. ಹದಿನೈದು ದಿನದಲ್ಲಿ ಏಳು ಬಂದವು. ಆಟೊದವರಿಗೆ ತಮ್ಮ ಸ್ಟ್ಯಾಂಡ್ ಹೋಗುವ ಭಯ. ಒಬ್ಬರಿಗೆ ಅದೇ ಜಾಗದಲ್ಲಿ ಗುಡಿ ಬೇಕಿತ್ತು. ಒಬ್ಬರು ಕಂಬದ ಮೇಲೆ ತೆಲುಗಿನಲ್ಲೂ ಬರೆಸಿ ಎಂದರೆ, ಇನ್ನೊಬ್ಬರು ಹಾಗಾದರೆ ಉರ್ದುವಿನಲ್ಲೂ ಆಗಲಿ ಎಂದರು. ಕುಡಿದು ಹತ್ತಿ ಭಾಷಣ ಬಿಗಿಯುವವರನ್ನು ಇಳಿಸುವವರು ಯಾರೆಂದು ಒಬ್ಬರು ಕೇಳಿದ್ದರು. ಆರನೆಯವರು ಆ ಬಿಸಿಲಲ್ಲಿ ಯಾವನು ನಿಂತು ಮಾತಾಡುತ್ತಾನೆ ಎಂದು ಒಂದೇ ಸಾಲು ಗೀಚಿದ್ದರು.

ಏಳನೆಯದನ್ನು ಕೊನೆಯ ದಿನ ಮುನಿರತ್ನಮ್ಮ ಎಂಬ ಹೆಂಗಸು ತಾವೇ ತಂದರು. ಊರಿನ ರೀಲಿಂಗ್ ಘಟಕವೊಂದರಲ್ಲಿ ಅವರ ಕೆಲಸ. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಆ ನೀರಿನಲ್ಲೇ ಕೈಯಾಡಿಸಿ ಎಳೆ ಹುಡುಕಿ ನೂಲು ತೆಗೆಯಬೇಕು. ಬೆರಳುಗಳ ಚರ್ಮ ಬೆಳ್ಳಗೆ ಸುಲಿದುಕೊಂಡಿತ್ತು. ಗಂಡ ಇರಲಿಲ್ಲ, ಆ ಕೂಲಿಯೇ ಮನೆಗೆ ಆಧಾರ.

ಕಾಗದದಲ್ಲಿ ಇಷ್ಟೇ ಇತ್ತು: ನಾವು ಹದಿನಾಲ್ಕು ಜನ ಹೊಗೆಯಲ್ಲಿ ಕೂತು ಕೆಲಸ ಮಾಡುತ್ತೇವೆ. ಒಂದು ಕಿಟಕಿ ಇಡಿಸಿ ಎಂದು ಕೇಳಿದರೆ ನಾಳೆಯಿಂದ ಬರಬೇಡ ಎನ್ನುತ್ತಾರೆ. ಕೆಲಸದ ಜಾಗದಲ್ಲಿ ಬಾಯಿ ಬಿಡಲಾಗದವರಿಗೆ ಬಸ್ ಸ್ಟ್ಯಾಂಡಿನಲ್ಲಿ ಕಂಬ ಯಾಕೆ? ಮೊದಲು ಕಿಟಕಿ ಆಗಲಿ.

ಕೆಳಗೆ ಹೆಸರಿರಲಿಲ್ಲ. "ಹೆಸರು ಬರೀಲೇಬೇಕಾ ಸಾರ್? ನೀವೊಬ್ರೇ ತಾನೆ ಓದೋದು?" ಎಂದು ಕೇಳಿದರು. ಹೆಸರಿಲ್ಲದ ಅರ್ಜಿ ಕಸದ ಬುಟ್ಟಿಗೆ ಹೋಗುತ್ತದೆ, ಬರೆದರೆ ಫೈಲಿಗೆ ಹೋಗುತ್ತದೆ ಎಂದೆ. "ಧೈರ್ಯವಾಗಿ ಬರೀರಮ್ಮ" ಎಂದು ಪೆನ್ನನ್ನೂ ನಾನೇ ಕೊಟ್ಟೆ. ಆಕೆ ಹೆಸರು, ಮನೆ, ಕೆಲಸದ ಜಾಗ ಎಲ್ಲ ಬರೆದುಕೊಟ್ಟರು.

ಮುಂದಿನ ವಾರ ಗ್ರಾಮಸಭೆ. ಬಂದ ಆಕ್ಷೇಪಣೆಗಳನ್ನು ಹೆಸರು, ವಿಳಾಸ, ಉದ್ಯೋಗ ಸಮೇತ ಗಟ್ಟಿಯಾಗಿ ಓದುವುದು ನಮ್ಮಲ್ಲಿನ ವಾಡಿಕೆ. ಆರನ್ನು ಓದಿದೆ, ಜನ ನಕ್ಕರು, ಜಗಳವಾಡಿದರು. ಅದೇ ಓಘದಲ್ಲಿ ಏಳನೆಯದನ್ನೂ ಓದಿಬಿಟ್ಟೆ. ಘಟಕದ ಮಾಲೀಕರು ಪಂಚಾಯತಿ ಸದಸ್ಯರೂ ಹೌದು. ಮುಂದಿನ ಸಾಲಿನಲ್ಲೇ ಕೂತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ ಎಂದರೆ ನಂಬುವವರು ನಂಬಲಿ.

ಮುನಿರತ್ನಮ್ಮ ಹಿಂದೆ ಹೆಂಗಸರ ನಡುವೆ ತಲೆ ತಗ್ಗಿಸಿದ್ದರು. ಮಾಲೀಕರು ಎದ್ದು ನಿಂತು ನಗುತ್ತಲೇ, "ಆಯಮ್ಮ ಹೇಳಿರೋದ್ರಲ್ಲಿ ತಪ್ಪೇನೈತೆ ಸಾರ್, ಇಂಥೋರಿಗೋಸ್ಕರಾನೇ ಅಲ್ವಾ ನಾವು ಕಂಬ ನಿಲ್ಲಿಸ್ತಿರೋದು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಮಾರಕಕ್ಕೆ ಒಪ್ಪಿಗೆ ಸಿಕ್ಕಿತು. ಆಕ್ಷೇಪಣೆಗಳನ್ನು ಓದಿ ವಿಲೇವಾರಿ ಮಾಡಲಾಯಿತು ಎಂದು ನಡಾವಳಿಯಲ್ಲಿ ಬರೆದವನು ನಾನೇ.

ಮಾರನೆಯ ದಿನವೇ ಮುನಿರತ್ನಮ್ಮನನ್ನೂ, ಜೊತೆಗೆ ಕೆಲಸ ಮಾಡುತ್ತಿದ್ದ ಅವರ ನಾದಿನಿಯನ್ನೂ ಕೆಲಸದಿಂದ ಬಿಡಿಸಿದರು. ಸುತ್ತಲಿನ ಯಾವ ಘಟಕದವರೂ ಸೇರಿಸಿಕೊಳ್ಳಲಿಲ್ಲ. ಸುದ್ದಿ ತಿಳಿದು ಮಾಲೀಕರ ಹತ್ತಿರ ಓಡಿದೆ. ಈ ಸಲ ಗೂಡು ಕಮ್ಮಿ ಬಂದಿದೆ, ಅಷ್ಟೇ ಎಂದು ಕಾಫಿ ಕೊಟ್ಟರು. ಕಾರ್ಮಿಕ ಇಲಾಖೆಗೆ ಬರೆದೆ. ಇನ್‌ಸ್ಪೆಕ್ಟರ್ ಬಂದರು, ಉಳಿದ ಹನ್ನೆರಡು ಹೆಂಗಸರನ್ನು ಮಾಲೀಕರ ಅಂಗಳದಲ್ಲೇ ನಿಲ್ಲಿಸಿ ವಿಚಾರಿಸಿದರು. ಹೊಗೆ ಇಲ್ಲ, ತೊಂದರೆ ಇಲ್ಲ ಎಂದು ಹನ್ನೆರಡು ಹೆಬ್ಬೆಟ್ಟು ಬಿದ್ದವು. ಆ ಹೆಂಗಸರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಮೇಲೆ ಬಂತು.

ಆ ವಾರವೇ ನಿಯಮಗಳನ್ನು ತಿರುವಿಹಾಕಿದೆ. ಆಕ್ಷೇಪಣೆದಾರರ ಹೆಸರನ್ನು ಸಭೆಯಲ್ಲಿ ಓದಬೇಕೆಂಬುದು ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ನನಗಿಂತ ಹಿಂದಿನವರು ಓದುತ್ತಿದ್ದರು, ನಾನೂ ಓದಿದ್ದೆ. ಮೂವತ್ತು ವರ್ಷ ನಾನು ನಿಯಮವೆಂದು ಬೀಗಿದ್ದರಲ್ಲಿ ಬರೀ ಅಭ್ಯಾಸ ಎಷ್ಟಿತ್ತೋ, ಲೆಕ್ಕ ಹಾಕಲು ಧೈರ್ಯ ಬರಲಿಲ್ಲ.

ನಾಲ್ಕು ತಿಂಗಳ ಮೇಲೆ ಚಿಂತಾಮಣಿಯ ಮಾರುಕಟ್ಟೆಯಲ್ಲಿ ಮುನಿರತ್ನಮ್ಮ ಸಿಕ್ಕಿದರು. ಟೊಮೆಟೊ ಆರಿಸುವ ಕೆಲಸ. ಒಡೆದ ಹಣ್ಣಿನ ರಸ ಸುಲಿದ ಬೆರಳಿಗೆ ತಾಗಿದಾಗಲೆಲ್ಲ ಕೈ ಕೊಡವುತ್ತಿದ್ದರು. ತಪ್ಪಾಯಿತು ಎಂದೆ. ಇನ್ನೊಂದು ದೂರು ಬರೆಯಿರಿ, ನಾನೇ ಸಾಕ್ಷಿ ಹೇಳುತ್ತೇನೆ, ನನ್ನ ಕೆಲಸ ಹೋದರೂ ಪರವಾಗಿಲ್ಲ ಎಂದೆ.

ಆಕೆ ಕ್ರೇಟಿನಿಂದ ತಲೆ ಎತ್ತಲಿಲ್ಲ. "ಬ್ಯಾಡ ಸಾರ್. ನಮ್ ನಾದಿನೀನ ವಾಪಸ್ ಕರ್ಕೊಂಡವ್ರೆ. ನಾನು ಎಲ್ಲೂ ಬಾಯಿ ಬಿಡಲ್ಲ ಅಂತ ಒಪ್ಕೊಂಡಿದ್ಕೆ ಕರ್ಕೊಂಡಿರೋದು. ನೀವೂ ಇಲ್ಲಿ ನಿಂತ್ಕೋಬೇಡಿ, ಯಾರಾದ್ರೂ ನೋಡ್ತಾರೆ."

ನಾನು ಬಸ್ ಹತ್ತಿದೆ. ಅಲ್ಲಿಂದಾಚೆಗೆ ಅರ್ಜಿದಾರರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆಸಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಸಭೆಯಲ್ಲಿ ವಿಷಯ ಮಾತ್ರ ಓದುತ್ತಿದ್ದೆ. ಇದು ಯಾವ ಹೊಸ ಪದ್ಧತಿ ಎಂದು ಮೇಲಿನವರು ಮೆಮೊ ಕೊಟ್ಟರು, ತೆಗೆದುಕೊಂಡೆ. ಧೈರ್ಯವಾಗಿ ಮಾತಾಡಿ ಎಂದು ಕುರ್ಚಿಯಲ್ಲಿ ಕೂತವನು ಹೇಳುವುದು ಸುಲಭ. ಮಾತಾಡಿದವರ ಮರುದಿನದ ಅನ್ನ ಎಲ್ಲಿಂದ ಬರುತ್ತದೆಂದು ಮೊದಲು ತಿಳಿದುಕೊಂಡು ಆಮೇಲೆ ಹೇಳಬೇಕು. ಕೆಲಸ ನನಗೆ ಕಲಿಸಿದ್ದು ಇದು, ಕಲಿಸಿದ್ದು ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆದು.

ಸ್ಮಾರಕ ಎದ್ದಿತು. ಆಮೇಲೆ ಒಂದೂವರೆ ವರ್ಷ ನಾನು ಆ ಕಚೇರಿಯಲ್ಲಿದ್ದೆ. ಬೀರುವಿನ ಬೀಗ ಗಟ್ಟಿಯಾಗಿತ್ತು, ಆದರೆ ಆ ಊರಿನ ಒಬ್ಬ ಹೆಂಗಸೂ ಮತ್ತೆ ನನ್ನ ಕೈಗೆ ಒಂದು ಅರ್ಜಿ ಕೊಡಲಿಲ್ಲ.