ಅಟ್ಟದ ಕೆಳಗಿನಿಂದ ಬಂದ ವ್ಯಾಖ್ಯಾನ

ಮೂರು ವರ್ಷದ ಹಿಂದಿನ ಮಾತು. ಶಿವರಾತ್ರಿ ಹತ್ತಿರವಿತ್ತು. ಪತ್ರಿಕೆಯ ಕೆಲಸದಿಂದ ನಿವೃತ್ತನಾಗಿ ಅರಸೀಕೆರೆಯಲ್ಲಿ ನೆಲೆಸಿದ್ದ ನನಗೆ ನಮ್ಮ ಓದುಗರ ಬಳಗ ಒಂದು ಕೆಲಸ ಹಚ್ಚಿತ್ತು. ಬಳಗದ ಮನೆಗಳಿಗೆ ಎರಡೆರಡು ಪುಸ್ತಕ ಕೊಟ್ಟಿದ್ದೆವು. ಒಂದು ಹಳೆಯ ಕಾವ್ಯದ ಆಯ್ದ ಭಾಗ, ಇನ್ನೊಂದು ನಗೆಗವನಗಳ ಸಂಕಲನ. ಓದಿದವರು ಹೇಳಿದ್ದನ್ನು ಅವರ ಮಾತಿನಲ್ಲೇ ತಂದು ಬಳಗದ ಸಂಚಿಕೆಗೆ ಕೊಡಬೇಕಿತ್ತು. ಬೇಲೂರು, ಹಳೇಬೀಡಿನ ಮನೆಗಳನ್ನು ಮುಗಿಸಿದ್ದೆ. ಉಳಿದದ್ದು ಬಾಣಾವರದ ಆಚೆ, ತೋಟದ ನಡುವಿನ ಒಂದು ಮನೆ.

ಮನೆಯ ಯಜಮಾನ ಗಂಗಾಧರಪ್ಪ ಕೊಬ್ಬರಿ ವ್ಯಾಪಾರಿ. ಗಮಕದ ಹುಚ್ಚು. ಮಠದಲ್ಲಿ ಒಬ್ಬರು ಪದ್ಯ ವಾಚನ ಮಾಡಿದರೆ ಇವರು ಪಕ್ಕದಲ್ಲಿ ಕುಳಿತು ಅರ್ಥ ಬಿಡಿಸಿ ಹೇಳುತ್ತಿದ್ದರು. ವಾಚನ ನಿಂತ ಕಡೆ ವ್ಯಾಖ್ಯಾನ ಶುರುವಾಗಬೇಕು, ನಡುವೆ ಬಿಡುವು ಬರಬಾರದು ಎಂಬುದು ಅವರ ಶಿಸ್ತು. ಅವರ ಹೆಂಡತಿ ಪಾರ್ವತಮ್ಮನಿಗೆ ನಗೆಗವನದ ಪುಸ್ತಕ ಹಿಡಿಸಿತ್ತು. ನಾನು ಹೋದಾಗ ಅದು ಒಲೆಯ ಪಕ್ಕದ ಗೂಡಿನಲ್ಲಿತ್ತು. ಹೊದಿಕೆಗೆ ಎಣ್ಣೆಯ ಕೈ ತಾಗಿತ್ತು.

ಮಧ್ಯಾಹ್ನದ ಊಟ ಮುಗಿದ ಮೇಲೆ ಜಗಲಿಯಲ್ಲಿ ಕುಳಿತು, ನಗೆಗವನ ಹೇಗಿತ್ತು ಎಂದು ಗಂಗಾಧರಪ್ಪನವರನ್ನು ಕೇಳಿದೆ.

"ಒಂದು ಪುಟ ತೆಗ್ದೆ, ಮುಚ್ಚಿದೆ," ಅಂದರು ಗಂಗಾಧರಪ್ಪ. "ನಗಕ್ಕೆ ಪುಸ್ತಕ ಯಾಕೆ ಸಾರ್? ಕೊಬ್ಬರಿ ಮಂಡಿಗೆ ಬಂದು ಕೂತ್ಕಳಿ, ಸಾಕು."

"ಇವರ ಪುಸ್ತಕದಾಗೇನೈತೆ?" ಅಂದರು ಪಾರ್ವತಮ್ಮ. "ರಾಜ ರಥ ಹತ್ತೋದು, ರಾಜ ರಥ ಇಳಿಯೋದು. ಅಷ್ಟು ಹೇಳಕ್ಕೆ ಅರ್ಧ ದಿನ. ನಂಗೆ ಒಂದಕ್ಷರ ಅರ್ಥ ಆಗಲ್ಲ."

"ಅರ್ಥ ಆಗ್ಬೇಕು ಅಂದ್ರೆ ಕಿವಿ ಬೇಕು ಕಣೇ. ತಡೀರಿ ಸಾರ್, ಅದೇ ಪದ್ಯ ತೋರುಸ್ತೀನಿ." ಗಂಗಾಧರಪ್ಪ ಎದ್ದು ಪುಸ್ತಕ ತರಲು ಹಿಂದಿನ ಕೋಣೆಗೆ ಹೋದರು.

ಆ ಕೋಣೆ ಕೊಬ್ಬರಿ ಅಟ್ಟದ ಕೋಣೆ. ನಮ್ಮ ಕಡೆ ಸಿಪ್ಪೆ ಸಮೇತ ಕಾಯಿಗಳನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗುವ ತನಕ ವರ್ಷದ ಹತ್ತಿರ ಬಿಡುತ್ತಾರೆ. ಕಾಯಿ ಅಲುಗಿಸಿದಾಗ ಗಲಗಲ ಅಂದರೆ ಕೊಬ್ಬರಿ ಆಯಿತು ಎಂದು ಲೆಕ್ಕ. ಹಳೆಯ ಕಾಯಿ ಇಳಿಸದೆ ಹೊಸದನ್ನು ಹಾಕಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಆ ವರ್ಷ ಬೆಲೆ ಏರಲಿ ಎಂದು ಕಾದು, ಹಳೆಯದರ ಮೇಲೇ ಹೊಸ ಕೊಯ್ಲನ್ನೂ ಹಾಕಿಸಿದ್ದರು. ಅಟ್ಟದ ಕೆಳಗೆ ದನಿ ಚೆನ್ನಾಗಿ ತುಂಬುತ್ತದೆ ಎಂದು ಗಂಗಾಧರಪ್ಪ ಪದ್ಯವನ್ನು ತಾವೇ ರಾಗವಾಗಿ ಹೇಳಿಕೊಂಡು ಅರ್ಥ ಬಿಡಿಸುವ ಅಭ್ಯಾಸ ಮಾಡುತ್ತಿದ್ದದ್ದೂ ಅಲ್ಲೇ.

ಮೊದಲು ಮರ ಸೀಳಿದ ಸದ್ದು ಕೇಳಿಸಿತು. ಆಮೇಲೆ ಲಾರಿಯಿಂದ ಕಲ್ಲು ಸುರಿದ ಹಾಗೆ ಉರುಳಿದ ಸದ್ದು. ನಾವು ಓಡಿದಾಗ ಬಾಗಿಲಲ್ಲಿ ಸೊಂಟದ ಮಟ್ಟಕ್ಕೆ ಕಾಯಿ ತುಂಬಿತ್ತು. ಅಟ್ಟದ ಅರ್ಧ ಭಾಗ ಕುಸಿದಿತ್ತು. ಇನ್ನರ್ಧ ಸೀಳಿದ ತೊಲೆಯ ಮೇಲೆ, ಕಾಯಿಯ ಸಮೇತ ವಾಲಿ ನಿಂತಿತ್ತು. ಗಂಗಾಧರಪ್ಪ ಕಾಣಿಸಲಿಲ್ಲ.

ನಾನು ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ ಊರು, ದಾರಿ, ಆದದ್ದು ಏನು ಎಂದು ಹೇಳಿದೆ. ಅಷ್ಟರಲ್ಲಿ ಪಕ್ಕದ ತೋಟದ ರುದ್ರೇಶ ಕೂಲಿಯವರನ್ನು ಕರೆದುಕೊಂಡು ಬಂದ. ಪಾರ್ವತಮ್ಮ ಬಾಗಿಲಲ್ಲಿ ಕುಳಿತು ಕಾಯಿ ಎಳೆಯತೊಡಗಿದ್ದರು.

"ಅಕ್ಕ, ಕೈ ತಗಿ," ಅಂದ ರುದ್ರೇಶ. "ಕೆಳಗಿಂದು ಎಳೆದ್ರೆ ಮೇಲಿಂದೆಲ್ಲ ಅಣ್ಣನ ಮೇಲೆ ಜಾರ್ತದೆ. ಮೇಲಿಂದ ಒಂದೊಂದೇ ತೆಗೀಬೇಕು."

ರಾಶಿಯೊಳಗಿಂದ ದನಿ ಬಂತು. "ಇಲ್ಲಿದೀನಿ ಕಣ್ಲಾ. ಹಲಗೆ ಅಡ್ಡ ಬಿದ್ದೈತೆ. ಕಾಲು ಅಲ್ಲಾಡ್ತಿಲ್ಲ."

ಕಾಯಿಗಳ ಸಂದಿನಿಂದ ಅವರಿಗೆ ಗಾಳಿ ಹೋಗುತ್ತಿತ್ತು. ಆದರೆ ಆ ಕೋಣೆಯಲ್ಲಿ ದನಿ ಎಲ್ಲ ಗೋಡೆಗೂ ಬಡಿದು ಬರುತ್ತಿತ್ತು. ತಲೆ ಯಾವ ಕಡೆ ಇದೆ ಎಂದು ಒಂದು ಮಾತಿನಿಂದ ಹೇಳಲು ಆಗುತ್ತಿರಲಿಲ್ಲ. ತಿಳಿಯದೆ ಕಾಲಿಟ್ಟರೆ ಹಲಗೆ ಜಾರಬಹುದಿತ್ತು.

"ಅಕ್ಕ, ಅಣ್ಣನ್ನ ಮಾತಾಡುಸ್ತಾ ಇರು," ಅಂದ ರುದ್ರೇಶ. "ದನಿ ನಿಲ್ಲಬಾರದು. ನಿಂತ್ರೆ ನಾನು ಎಲ್ಲಿ ಕಾಲಿಡ್ಲಿ?" ಅವನು ರಾಶಿಯ ಅಂಚಿಗೆ ಹತ್ತಿದ; ಕೂಲಿಯವರು ಹಿಂದೆ ಸಾಲಾಗಿ ನಿಂತು ಕಾಯಿಗಳನ್ನು ಹೊರಗೆ ದಾಟಿಸತೊಡಗಿದರು.

ಪಾರ್ವತಮ್ಮ ಎದ್ದು ಹೋಗಿ ಗೂಡಿನಿಂದ ನಗೆಗವನದ ಪುಸ್ತಕ ತಂದರು. ಬೀಗರ ಊಟದ ಪದ್ಯ ಓದಿದರು. ಸಂಕೋಚಕ್ಕೆ ಎಲೆಗೆ ಕೈ ಅಡ್ಡ ಹಿಡಿದು 'ಸಾಕು' ಅಂದವನ ಮಾತನ್ನು ನಂಬಿ ಬಡಿಸುವವನು ಹೋಳಿಗೆ ತಟ್ಟೆ ಹಿಡಿದು ಮುಂದೆ ಹೋಗಿಬಿಡುತ್ತಾನೆ. ಕೈ ಅಡ್ಡ ಹಿಡಿದವನು ಪಂಕ್ತಿಯ ಕೊನೆಯ ತನಕ ಆ ತಟ್ಟೆಯನ್ನೇ ನೋಡುತ್ತಾನೆ. ರಾಶಿಯೊಳಗೆ ಗಂಗಾಧರಪ್ಪ ನಕ್ಕರು. ನಗು ಅರ್ಧಕ್ಕೆ ನರಳಾಟವಾಯಿತು. ಮೇಲಿನ ಕಾಯಿಗಳು ಸರಿದು ಒಂದಷ್ಟು ಉರುಳಿದವು. ವಾಲಿದ್ದ ತೊಲೆ ಕಿರುಗುಟ್ಟಿತು.

ಸಾಲಿನಲ್ಲಿದ್ದ ಕೈಗಳೆಲ್ಲ ನಿಂತವು.

"ನಗುಸ್ಬ್ಯಾಡ ಕಣೇ," ಅಂದಿತು ಒಳಗಿನ ದನಿ. "ಪಕ್ಕೆಗೆ ಚುಚ್ತದೆ."

ಪಾರ್ವತಮ್ಮ ಪುಸ್ತಕವನ್ನು ನೆಲಕ್ಕಿಟ್ಟರು. ಕಾವ್ಯದ ಪುಸ್ತಕ ಎಲ್ಲೋ ಕಾಯಿಗಳ ಕೆಳಗಿತ್ತು. ಅವರು ಕಣ್ಣು ಮುಚ್ಚಿಕೊಂಡು, ಪುಸ್ತಕವಿಲ್ಲದೆ, ಅದೇ ಕಾವ್ಯದ ಯುದ್ಧದ ಭಾಗವನ್ನು ರಾಗ ಹಿಡಿದು ಹೇಳತೊಡಗಿದರು. ಉಸಿರು ನಿಲ್ಲುವ ಜಾಗ, ದನಿ ಏರುವ ಜಾಗ ಎಲ್ಲವೂ ಗಂಗಾಧರಪ್ಪನವರದೇ. ಗೋಡೆಯಾಚೆ ಅಡುಗೆ ಮಾಡುತ್ತ ಕೇಳಿ ಕೇಳಿ ಬಾಯಿಗೆ ಬಂದಿತ್ತು. ಒಂದು ಪದ್ಯ ಮುಗಿಸಿ ನಿಲ್ಲಿಸಿದರು.

ಒಳಗಿಂದ ವ್ಯಾಖ್ಯಾನ ಬಂತು. ಮೆಲ್ಲಗೆ, ಉಸಿರು ಕಟ್ಟಿ ಕಟ್ಟಿ, ಆದರೆ ಮಠದಲ್ಲಿ ಹೇಳುವ ಕ್ರಮದಲ್ಲೇ. ರುದ್ರೇಶ ಕಿವಿಗೊಟ್ಟು ಕೇಳಿ ಗೋಡೆಯ ಎಡಮೂಲೆಗೆ ಕೈ ತೋರಿಸಿದ. ಸಾಲು ಬಲಕ್ಕೆ ಸರಿಯಿತು. ಕಾಯಿಗಳು ಮತ್ತೆ ಕೈಯಿಂದ ಕೈಗೆ ಹೊರಗೆ ಹೋದವು.

ಹೀಗೇ ನಡೆಯಿತು. ಹೆಂಡತಿ ಪದ್ಯ ಹೇಳುವುದು, ಗಂಡ ಅರ್ಥ ಹೇಳುವುದು. ಒಂದೊಂದು ಸಲಕ್ಕೂ ಅರ್ಥ ಗಿಡ್ಡವಾಗುತ್ತ ಬಂತು. ಕಡೆಗೆ ರಾಜ ರಥದಿಂದ ಇಳಿಯುವ ಪದ್ಯ ಬಂತು. ಪಾರ್ವತಮ್ಮ ಮುಗಿಸಿ ನಿಲ್ಲಿಸಿದರು. ಒಳಗಿಂದ ಏನೂ ಬರಲಿಲ್ಲ.

ಅವರು ಅದನ್ನೇ ಇನ್ನೊಮ್ಮೆ ಹೇಳಿದರು. ಬರಲಿಲ್ಲ. ರುದ್ರೇಶ ಒಂದು ಕಾಲನ್ನು ಎತ್ತಿ ಹಿಡಿದವನು ಹಾಗೇ ನಿಂತ. ನನ್ನ ವೃತ್ತಿಯಲ್ಲಿ ಅಪಘಾತಗಳನ್ನು ಬಹಳ ನೋಡಿದ್ದೇನೆ. ಅವೆಲ್ಲ ನಾನು ಹೋಗುವ ಹೊತ್ತಿಗೆ ಮುಗಿದಿರುತ್ತಿದ್ದವು. ಇದು ಮುಗಿದಿರಲಿಲ್ಲ. ನನಗೆ ಮಾಡುವುದಕ್ಕೆ ಏನೂ ಇರಲಿಲ್ಲ.

ಪಾರ್ವತಮ್ಮ ಮುಖ ಒರೆಸಿಕೊಂಡರು. ಆಮೇಲೆ ಗಟ್ಟಿಯಾಗಿ, ಅಡುಗೆಮನೆಯಿಂದ ಮಾತಾಡುವ ದನಿಯಲ್ಲಿ ಅಂದರು: "ಸಾರ್, ಇದರರ್ಥ ನಾನೇ ಹೇಳ್ತೀನಿ, ಬರ್ಕಳಿ. ರಾಜಂಗೆ ಹಸಿವಾಯ್ತು. ಊಟಕ್ಕೆ ಇಳಿದ. ಅಷ್ಟೇಯ."

ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಬಹಳ ಹೊತ್ತಾಯಿತು ಅನ್ನಿಸಿತು. ಬಹಳ ಹೊತ್ತೇನೂ ಆಗಿರಲಾರದು.

"ಹಂಗಲ್ಲ ಕಣೇ." ದನಿ ತರಗೆಲೆ ಸರಿದಷ್ಟು ಮೆಲ್ಲಗಿತ್ತು. "ಕುದುರೆ ಬಿದ್ದಿತ್ತು. ಅದಕ್ಕೆ ನೀರು ಕುಡಿಸಕ್ಕೆ ಇಳಿದ."

"ಹಸಿವೂ ಆಗಿರ್ತದೆ," ಅಂದರು ಪಾರ್ವತಮ್ಮ.

"ಯುದ್ಧದಾಗೆ ಯಾವನಿಗೆ ಹಸಿವಾಯ್ತದೆ? ಸಾರ್, ಅದ್ನ ಬರೀಬ್ಯಾಡಿ."

ರುದ್ರೇಶ ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟ. ದನಿ ಅವನು ಕಾಲಿಡಲಿದ್ದ ಜಾಗದ ನೇರ ಕೆಳಗಿನಿಂದಲೇ ಬಂದಿತ್ತು.

ಅಗ್ನಿಶಾಮಕದವರು ಬಂದು ತೊಲೆಗೆ ಆಸರೆ ಕಂಬ ಕೊಟ್ಟು, ಹಲಗೆ ಎತ್ತಿ ಅವರನ್ನು ಹೊರಗೆ ತಂದಾಗ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಪಕ್ಕೆಯ ಮೂಳೆಗಳು, ಒಂದು ಕಾಲು ಮುರಿದಿದ್ದವು. ಗಂಗಾಧರಪ್ಪ ಆ ವರ್ಷವೇ ನಡೆದಾಡಿದರು. ಈಗ ಆ ಮನೆಯಲ್ಲಿ ಹಳೆಯ ಕಾಯಿ ಇಳಿಸದೆ ಹೊಸದು ಅಟ್ಟಕ್ಕೆ ಹೋಗುವುದಿಲ್ಲ.

ಆಸ್ಪತ್ರೆಯಲ್ಲಿ ಇಬ್ಬರನ್ನೂ ಮತ್ತೆ ಕೇಳಿದೆ, ಸಂಚಿಕೆಗೆ ಏನು ಬರೆಯಲಿ ಎಂದು.

"ನಗೆಗವನ ಒಳ್ಳೇದೈತೆ," ಅಂದರು ಗಂಗಾಧರಪ್ಪ. "ಪಕ್ಕೆ ಗಟ್ಟಿ ಇದ್ದೋರು ಓದ್ಬೇಕು."

"ಕಾವ್ಯ ನಂಗೆ ಅರ್ಥ ಆಗಲ್ಲ," ಅಂದರು ಪಾರ್ವತಮ್ಮ. "ಹಂಗೇ ಬರ್ಕಳಿ."

ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ನನ್ನ ಕಸುಬು. ಹಾಗೇ ಬರೆದೆ. ಈಗಲೂ ಮಠದಲ್ಲೋ ಬಳಗದಲ್ಲೋ ಯಾರಾದರೂ ಪದ್ಯ ಓದಿ ನಿಲ್ಲಿಸಿದರೆ, ಅರ್ಥ ಹೇಳುವವರು ಬಾಯಿ ತೆರೆಯುವ ತನಕ ನನಗೆ ಉಸಿರು ಬಿಡಲು ಆಗುವುದಿಲ್ಲ.