ನಮ್ಮನೆ ದೊರೆ

ನಮ್ಮ ಯಜಮಾನರ ಮೈ ಸ್ವಲ್ಪ ಹೆಚ್ಚೇ ಬಿಳಿ. ಆ ಬಿಳುಪೇ ನಮಗೆ ಅನ್ನ. ಸ್ವಾತಂತ್ರ್ಯ ಹೋರಾಟದ ಸಿನಿಮಾ ಯಾರೇ ತೆಗೆಯಲಿ, ಪರಂಗಿ ಅಧಿಕಾರಿಯ ವೇಷ ಇವರಿಗೇ. ತಲೆಗೆ ಕೆಂಚು ಬಣ್ಣ, ಕಾಲಿಗೆ ಬೂಟು, ಬಾಯಿಗೆ ಒಂದೇ ಮಾತು: "ಶೂಟ್!" ಆ ಬಣ್ಣವೆಲ್ಲ ದಿಂಬಿಗೆ ಮೆತ್ತಿಕೊಂಡು, ಒಗೆದೂ ಒಗೆದೂ ನನ್ನ ರಟ್ಟೆ ಬಿದ್ದುಹೋಗಿದೆ.

ನಮ್ಮತ್ತೆಗೆ ಮಾತ್ರ ಮಗ ಹುಟ್ಟಿದಾಗಿನಿಂದಲೂ ದೊರೆಯೇ. ಊಟಕ್ಕೆ ಕರೆದರೂ "ಬಾರೋ ನನ್ನ ದೊರೆ" ಅನ್ನೋರು. ನಿಜವಾದ ದೊರೆಗಳು ಮಾವನನ್ನು ಹಿಡಿದುಕೊಂಡು ಹೋದಾಗ ಇವರಿನ್ನೂ ಅತ್ತೆಯ ಹೊಟ್ಟೆಯಲ್ಲಿದ್ದರು. ಮಾವ ತಿರುಗಿ ಬರಲೇ ಇಲ್ಲ. ಅತ್ತೆಗೆ ಈಗ ಅರಳುಮರುಳು.

ಮೊನ್ನೆ ಈ ಮನುಷ್ಯ ಶೂಟಿಂಗ್ ಮುಗಿಸಿ ವೇಷದಲ್ಲೇ ಮನೆಗೆ ಬಂದರು. "ಬಟ್ಟೆ ಬದಲಾಯಿಸಿ ಬನ್ನಿ ಅಂತ ಎಷ್ಟು ಸಲ ಬಡ್ಕೋಬೇಕು?" ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬಂದು ಅವರ ಬೂಟು ಹಿಡಿದುಕೊಂಡರು.

"ದೊರೆ, ನಮ್ಮನೆಯವರನ್ನ ಬಿಟ್ಬಿಡಿ. ನಾನು ಬಸುರಿ."

ಯಜಮಾನರು ಅಲ್ಲೇ ನೆಲದ ಮೇಲೆ ಕೂತು, "ಬಿಟ್ವಿ ತಾಯಿ. ನಾಳೆ ಮನೆಗೆ ಬರ್ತಾರೆ" ಅಂದರು.

ಅತ್ತೆ ಬೂಟು ಬಿಡಲಿಲ್ಲ.

"ನಿನ್ನೆಯೂ ಹೀಗೇ ಅಂದಿದ್ರಿ, ದೊರೆ."