ಭಾವನ ಪಾಸ್‌ಪೋರ್ಟು, ಬಾವಲಿಯ ಗೇಟು

ವಯನಾಡು ಜಿಲ್ಲೆಯಾದ ಹೊಸತು. ಕಲ್ಪೆಟ್ಟಕ್ಕೆ ಕಲೆಕ್ಟರು ಬಂದರೆ ಬಾವಲಿಯಲ್ಲಿದ್ದ ನನ್ನ ಭಾವನಿಗೆ ತಾನೇ ಅರ್ಧ ಕಲೆಕ್ಟರಾದಷ್ಟು ಗತ್ತು. ಮೆಣಸಿನ ವ್ಯಾಪಾರ ಬೇರೆ ಕುದುರಿತ್ತು. ವ್ಯಾಪಾರಿಗಳ ಗುಂಪಿನ ಜತೆ ಅಕ್ಕನಿಗೂ ಸಿಂಗಾಪುರ ತೋರಿಸುತ್ತೇನೆಂದು ಊರೆಲ್ಲ ಹೇಳಿಕೊಂಡು ಬಂದ.

ಅಕ್ಕ ಮದುವೆಯಾದಮೇಲೆ ತೃಶ್ಶಿಲೇರಿಯ ದೇವಸ್ಥಾನದಿಂದಾಚೆ ಹೋದವಳಲ್ಲ. ನಾಟಿ ಮಾಡುವಾಗ ಮೇಲೆ ವಿಮಾನ ಹೋದರೆ, ಸೊಂಟ ನೆಟ್ಟಗೆ ಮಾಡಿ, ಅದು ಮರೆಯಾಗುವವರೆಗೂ ನೋಡುತ್ತಿದ್ದಳು. ಈಗ ಹೊಸ ಪಾಸ್‌ಪೋರ್ಟನ್ನು ಸೀರೆಗಳ ನಡುವೆ ಇಟ್ಟುಕೊಂಡು ಆಗಾಗ ತೆಗೆದು ನೋಡುತ್ತಿದ್ದಳು.

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮಾಡಿದವಳು ನಾನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಪರೀಕ್ಷೆ ಇಂಗ್ಲಿಷಿನಲ್ಲಿ. ನಡುವೆ ಗದ್ದೆ ಕೆಲಸ. ಹಾಗೆ ಪಡೆದದ್ದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಭಾವ ಗಲ್ಫಿಗೆ ಹೋಗಿದ್ದಾಗಿನ ಪಾಸ್‌ಪೋರ್ಟು ತಿರುವಿದರೆ, ಪ್ರಯಾಣದ ಮರುತಿಂಗಳೇ ಅದರ ಅವಧಿ ಮುಗಿಯುತ್ತಿತ್ತು. ಕೋಳಿಕ್ಕೋಡಿಗೆ ಹೋಗಿ ಟ್ರಾವೆಲ್ಸಿನವರನ್ನು ವಿಚಾರಿಸಿದೆ. ಇನ್ನೂ ಆರು ತಿಂಗಳಾದರೂ ಬಾಕಿ ಇರಬೇಕು ಅಂದರು. ಬಂದು ಹೇಳಿದೆ.

ಭಾವ ಜಗಲಿಯಲ್ಲಿ ಎಲೆಯಡಿಕೆ ಜಗಿಯುತ್ತ ನನಗೇ ಪಾಠ ಮಾಡಿದ. ಪರ್ಮಿಟ್ಟಿನ ಕೊನೇ ದಿನವೂ ಬಾವಲಿಯ ಗಡಿ ಚೆಕ್‌ಪೋಸ್ಟಿನಲ್ಲಿ ಗೇಟು ಹಾಕುವುದರೊಳಗೆ ಲಾರಿ ಮುಟ್ಟಿದರೆ ಬಿಡಲೇಬೇಕಂತೆ. ಅವನ ಕಾನೂನು ಜ್ಞಾನ ಅಷ್ಟೇ, ಒಂದು ಗೇಟಿನಗಲ.

"ಬಿ.ಎ. ಅಮ್ಮಣ್ಣೀ, ತಾರೀಕು ಇರೋವರೆಗೂ ಗೇಟು ತೆಗೀಬೇಕು. ಬಾವಲಿಗೊಂದು ಕಾನೂನು, ಸಿಂಗಾಪುರಕ್ಕೊಂದಾ?"

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಪಾಸ್‌ಪೋರ್ಟಿನ ಮುಖ ನೋಡಿದವನು ಅವರಲ್ಲಿ ಒಬ್ಬನೂ ಇರಲಿಲ್ಲ.

ಕಳಿಸಿಕೊಡಲು ನಾನೂ ಮದರಾಸಿಗೆ ಹೋದೆ. ವಿಮಾನ ನಿಲ್ದಾಣದ ಕೌಂಟರಿನ ಹೆಂಗಸು ಭಾವನ ಪಾಸ್‌ಪೋರ್ಟು ನೋಡಿ ಆಗುವುದಿಲ್ಲ ಎಂದಳು. ಹೊಸ ಸಫಾರಿ ಸೂಟಿನ ಭಾವ ಮಲಯಾಳದಲ್ಲಿ ವಾದಿಸಿದ, ಕನ್ನಡದಲ್ಲಿ ಬೈದ, ಕೊನೆಗೆ ಒಂದು ಪೊಟ್ಟಣ ಮೆಣಸು ತೆಗೆದು ಅವಳ ಮುಂದಿಟ್ಟ. ಅವಳು ಅದನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದಳು.

"ನಡಿಯೇ ಮನೆಗೆ. ಯಾರಿಗೆ ಬೇಕು ಇವರ ಸಿಂಗಾಪುರ," ಎಂದು ಅಕ್ಕನ ಕಡೆ ತಿರುಗಿದ.

ಅಕ್ಕ ಕದಲಲಿಲ್ಲ. ತನ್ನದು ಸರಿಯಿದೆಯಾ ಕೇಳು ಎಂದು ನನಗೆ ಹೇಳಿದಳು. ಇಂಗ್ಲಿಷಿನಲ್ಲಿ ಕೇಳಿದೆ, ಸರಿಯಿತ್ತು. ಅಕ್ಕ ಸೊಂಟದಿಂದ ಬೀಗದ ಕೈ ಬಿಚ್ಚಿ ಗಂಡನ ಕೈಗಿಟ್ಟಳು.

"ಹಸುಗಳಿಗೆ ನೀರಿಡೋದು ಮರೀಬೇಡಿ."

ಗುಂಪಿನ ಹೆಂಗಸರ ಜತೆ ಹೊರಟೇಹೋದಳು.

ಭಾವನೂ ನಾನೂ ಬಸ್ಸಿನಲ್ಲಿ ಮೈಸೂರು ಹಾದು ಬಾವಲಿಯ ಗೇಟು ಮುಟ್ಟಿದೆವು. ಗೇಟು ತೆಗೆಯಲು ಬಂದ ಗಾರ್ಡು, ಸಿಂಗಾಪುರ ಇಷ್ಟು ಬೇಗ ಮುಗೀತಾ ಎಂದು ಕೇಳಿದ. ಭಾವ ಕಾಡಿನ ಕಡೆ ಮುಖ ತಿರುಗಿಸಿದ.

ಉತ್ತರ ನಾನೇ ಹೇಳಿದೆ. ಬಸ್ಸಿನಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ, ಬಿಡಿಸಿ ಬಿಡಿಸಿ.